ಹೊಟ್ಟೆಯಲ್ಲಿ ಚೇಂಜ್ ಉಂಟು

ಸ್ಕೋಪ್ ರೂಮಿಗೆ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ನನ್ನ ಹತ್ತಿರ ಕೇಳುವುದು ಒಂದೇ ಮಾತು: "ಗುಲಾಬಿಯಕ್ಕ, ಕೆಲಸ ಕಷ್ಟ ಉಂಟಾ?" ಕೆಲಸ ಎಂತದ್ದೂ ಕಷ್ಟ ಇಲ್ಲ. ವಾಂತಿ ಒರೆಸಲು ಬಂದರೆ ಸಾಕು. ಕಷ್ಟ ಇರುವುದು ಡಾಕ್ಟರುಗಳ ಮಾತು ಕೇಳಿಯೂ ನಗದೆ ನಿಲ್ಲುವುದರಲ್ಲಿ. ಅದನ್ನು ನಿಮಗೆ ಯಾರೂ ಕಲಿಸುವುದಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒತ್ತು, ದೀರ್ಘಗಳನ್ನು ಸೊಸೆ ಸರಿ ಮಾಡಿಕೊಟ್ಟಿದ್ದಾಳೆ. ಬೈಗುಳಗಳನ್ನೂ ಸರಿ ಮಾಡಲು ನೋಡಿದಳು, ನಾನು ಬಿಡಲಿಲ್ಲ.

ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು ಆಯಾ ಆಗಿದ್ದೆ. ಎಪ್ಪತ್ತರ ದಶಕದ ಮೊದಲಿಗೆ ಸೇರಿದಾಗ ಹೊಟ್ಟೆನೋವು ಎಂದು ಬಂದವರಿಗೆ ಸುಣ್ಣದ ನೀರಿನಂಥ ಬಿಳಿ ಮದ್ದು ಕುಡಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಆ ಪಟವನ್ನು ಬೆಳಕಿಗೆ ಹಿಡಿದು ನಾಲ್ಕು ಡಾಕ್ಟರು ಐದು ರೋಗ ಹೇಳುತ್ತಿದ್ದರು. ಆ ದಶಕ ಮುಗಿಯುವ ಹೊತ್ತಿಗೆ ಜಪಾನಿನ ಸ್ಕೋಪು ಬಂತು. ಹಾವಿನಂಥ ಕಪ್ಪು ಪೈಪು, ತುದಿಯಲ್ಲಿ ಬೆಳಕು. ರೋಗಿಯನ್ನು ಎಡಮಗ್ಗುಲಲ್ಲಿ ಮಲಗಿಸಿ, ಗಂಟಲಿಗೆ ಕಹಿ ಮದ್ದು ಹೊಡೆದು, ಪೈಪನ್ನು ನುಂಗಿಸುವುದು. ಡಾಕ್ಟರು ಈಚೆ ತುದಿಗೆ ಒಂದು ಕಣ್ಣು ಇಟ್ಟು ನೋಡುವುದು. ಈಗಿನ ಹಾಗೆ ಟಿವಿಯಲ್ಲಿ ಎಲ್ಲರಿಗೂ ಕಾಣುತ್ತಿರಲಿಲ್ಲ. ಒಳಗೆ ಎಂತ ಕಂಡಿತು ಎಂದು ಅವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ದೇವರು ಮೈಮೇಲೆ ಬಂದವನು ಹೇಳಿದ್ದನ್ನು ನಂಬಿದ ಹಾಗೆ ನಂಬಬೇಕಿತ್ತು.

ನನ್ನ ಕೆಲಸ ರೋಗಿಯ ತಲೆ ಹಿಡಿಯುವುದು, ಪೈಪು ತೊಳೆಯುವುದು, ಹೊಟ್ಟೆಯ ಒಳಪೊರೆಯಿಂದ ಚಿವುಟಿ ತೆಗೆದ ಸಾಸಿವೆಯಷ್ಟು ಚೂರನ್ನು ಮದ್ದಿನ ಬಾಟ್ಲಿಗೆ ಹಾಕಿ ಮೇಲಿನ ಮಾಳಿಗೆಯ ಲ್ಯಾಬಿಗೆ ಮುಟ್ಟಿಸುವುದು. ಮುಖ್ಯವಾದದ್ದು ತಲೆ ಹಿಡಿಯುವುದು. ಬಿಗಿ ಹಿಡಿದರೆ ಬೈಯುತ್ತಾರೆ, ಸಡಿಲ ಬಿಟ್ಟರೆ ಕಚ್ಚುತ್ತಾರೆ.

ನಮ್ಮ ವಿಭಾಗಕ್ಕೆ ಒಬ್ಬರು ದೊಡ್ಡ ಡಾಕ್ಟ್ರು. ಆಪರೇಷನ್ ಮಾಡುವವರು, ಇಂಗ್ಲೆಂಡಿಗೆ ಹೋಗಿ ಬಂದವರು. ಕೈ ಒಳ್ಳೆಯದು, ಹೊಲಿಗೆ ಹಾಕಿದರೆ ಸೀರೆಗೆ ಫಾಲ್ ಹೊಲಿದಷ್ಟು ನಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಬಾಯಿಯಲ್ಲಿ ಒಂದೇ ಮಾತು, "ತೆಗೆದುಬಿಡುವ". ಪಿತ್ತಕೋಶದಲ್ಲಿ ಕಲ್ಲಾ? ತೆಗೆದುಬಿಡುವ. ಅಪೆಂಡಿಕ್ಸ್ ಊದಿದೆಯಾ? ತೆಗೆದುಬಿಡುವ. ಅವರ ಬಂಗ್ಲೆಯ ಎದುರಿನ ಮಾವಿನ ಮರ ಒಂದು ವರ್ಷ ಹೂ ಬಿಡಲಿಲ್ಲ, ಅದನ್ನೂ ತೆಗೆಸಿದರು.

ಅವರಿಗೆ ಎದುರು ಮಾತಾಡುವ ಜೀವ ಆಸ್ಪತ್ರೆಯಲ್ಲಿ ಒಂದೇ. ಲ್ಯಾಬಿನ ಅಮ್ಮ. ಚೂರುಗಳನ್ನು ಗಾಜಿನ ಪಟ್ಟಿಯ ಮೇಲೆ ಇಟ್ಟು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಯಾವುದೆಂದು ಹೇಳುವ ಡಾಕ್ಟ್ರಮ್ಮ. ಉರ್ವದಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ಕುಳ್ಳಿ, ದಪ್ಪ ಕನ್ನಡಕ, ನಾಲಿಗೆ ಮಾತ್ರ ಬ್ಲೇಡು.

ಸ್ಕೋಪು ಬಂದ ಹೊಸತರಲ್ಲಿ ಆದ ಒಂದು ಕಥೆ ಹೇಳುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ರೋಗಿಗಳಿಗೆ ಹೇಳುತ್ತಿದ್ದೆವು. ಒಬ್ಬ ಮೀನಿನ ವ್ಯಾಪಾರಿ ಬಂದ. "ಎಂತಾದ್ರೂ ತಿಂದಿದ್ದೀರಾ?" ಎಂದು ಕೇಳಿದೆ. "ಏ ಇಲ್ಲ ಅಕ್ಕ, ಎಂತ ಸಹ ತಿನ್ಲಿಲ್ಲ" ಎಂದ. ದೊಡ್ಡ ಡಾಕ್ಟ್ರು ಪೈಪು ಇಳಿಸಿ ಕಣ್ಣಿಟ್ಟು ನೋಡಿ, ಉಸಿರು ಹಿಡಿದು, "ಗ್ರೋತ್! ದೊಡ್ಡ ಗ್ರೋತ್! ಬೆಳ್ಳಗೆ, ಗಂಟುಗಂಟಾಗಿ!" ಎಂದರು. ಚಿವುಟಿದರು. ನಾನು ಬಾಟ್ಲಿ ಹಿಡಿದುಕೊಂಡು ಮೇಲೆ ಓಡಿದೆ. ವ್ಯಾಪಾರಿಯ ಅಣ್ಣತಮ್ಮಂದಿರು ವರಾಂಡದಲ್ಲಿ ಅಳಲು ಶುರು ಮಾಡಿದರು. ಲ್ಯಾಬಿನಿಂದ ಜವಾಬು ಬಂತು: ಇದು ಮನುಷ್ಯನ ಮಾಂಸವಲ್ಲ, ಕುಚ್ಚಲಕ್ಕಿ ಅನ್ನ.

ವ್ಯಾಪಾರಿಯನ್ನು ಹಿಡಿದು ಕೇಳಿದೆ: "ತಿನ್ಲಿಲ್ಲ ಅಂತ ಹೇಳಿದ್ದಲ್ವಾ ನೀವು?"

"ತಿನ್ಲಿಲ್ಲ ಅಕ್ಕ. ಗಂಜಿ ಕುಡಿದದ್ದು. ಗಂಜಿ ತಿನ್ಲಿಕ್ಕಾಗ್ತದಾ?"

ಅವನದ್ದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ನಮ್ಮ ಊರಲ್ಲಿ ಬೆಳಿಗ್ಗೆ ಗಂಜಿ ಕುಡಿಯದ ಹೊಟ್ಟೆ ಯಾವುದು? ಆ ದಿನದಿಂದ ನಾನು ಕೇಳುವುದನ್ನೇ ಬದಲಿಸಿದೆ: "ಗಂಜಿ ಕುಡಿದಾಯ್ತಾ?" ನೀವೂ ಹಾಗೆಯೇ ಕೇಳಿ.

ಈಗ ನಿಜ ವಿಷಯಕ್ಕೆ ಬರುತ್ತೇನೆ. ಸ್ಕೋಪಿನಿಂದ ಒಂದು ಹೊಸ ಕಿರಿಕಿರಿ ಹುಟ್ಟಿಕೊಂಡಿತು. ಹುಣ್ಣು ಉಂಟಾ ಎಂದು ನೋಡಲು ಹೋದರೆ ಹುಣ್ಣು ಇರುತ್ತಿರಲಿಲ್ಲ. ಆದರೂ ಒಳಗೆ ಹೋದ ಮೇಲೆ ಬರಿಗೈಯಲ್ಲಿ ಬರುವುದು ಯಾಕೆಂದು ಒಂದು ಚೂರು ಚಿವುಟುತ್ತಿದ್ದರು. ಆ ಚೂರಿನಲ್ಲಿ ಎಂತಾದರೂ ಒಂದು ಸಿಕ್ಕುತ್ತಿತ್ತು. ಲ್ಯಾಬಿನ ಅಮ್ಮ ಅದಕ್ಕೆ "ಚೇಂಜ್" ಎನ್ನುತ್ತಿದ್ದರು. "ಇನ್ಸಿಡೆಂಟಲ್ ಚೇಂಜ್". ಹಾಗೆಂದರೆ ಎಂತ ಎಂದು ಒಮ್ಮೆ ಚಾ ಕೊಡುವಾಗ ಕೇಳಿದೆ.

"ಗುಲಾಬಿ, ಬಾವಿಗೆ ಕೊಡಪಾನ ಬಿದ್ರೆ ಎಂತ ಮಾಡ್ತಿ?"

"ಪಾತಾಳಗರಡಿ ಹಾಕಿ ಹುಡುಕುವುದು."

"ಹುಡುಕುವಾಗ ಹಳೆ ಹಗ್ಗದ ತುಂಡು ಮೇಲೆ ಬಂದ್ರೆ?"

"ಬಿಸಾಡುವುದು."

"ಅಷ್ಟೇ. ಹುಡುಕಿದ್ದು ಅದನ್ನಲ್ಲ, ಸಿಕ್ಕಿತು. ಹೊಟ್ಟೆಯ ಒಳಪೊರೆ ಒಂದೊಂದು ಕಡೆ ಕರುಳಿನ ಪೊರೆಯ ವೇಷ ಹಾಕಿರ್ತದೆ. ಸುಮಾರು ಜನರಿಗೆ ಇರ್ತದೆ. ಅವರಿಗೆ ಗೊತ್ತೂ ಇರುವುದಿಲ್ಲ."

"ಅದು ಕ್ಯಾನ್ಸರ್ ಆಗುವುದಿಲ್ವಾ ಅಮ್ಮ?"

"ಎಲ್ಲೋ ಕೆಲವರಿಗೆ ಮುಂದೆ ಕೆಟ್ಟದ್ದಕ್ಕೆ ತಿರುಗಬಹುದು. ಅದಕ್ಕೆ ಆಗಾಗ ನೋಡ್ತಾ ಇರ್ಬೇಕು. ಯಕ್ಷಗಾನದ ಆಟದಲ್ಲಿ ಸ್ತ್ರೀವೇಷ ಹಾಕಿದವರೆಲ್ಲ ಹೆರ್ತಾರಾ?"

ಇದೇ ಮಾತನ್ನು ಅವರು ಬುಧವಾರದ ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ವೇಷವನ್ನೂ ಹೆರಿಗೆಯನ್ನೂ ಬಿಟ್ಟು ಹೇಳುತ್ತಿದ್ದರು ಎಂದು ಕಾಣುತ್ತದೆ. ಆ ಮೀಟಿಂಗಿನಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಗಾಜಿನ ಪಟ್ಟಿಗಳನ್ನು ದೊಡ್ಡದು ಮಾಡಿ ತೋರಿಸುತ್ತಿದ್ದರು. ಲೈಟು ಆರಿಸುವುದು, ಹಾಕುವುದು, ಚಾ ಕೊಡುವುದು ನನ್ನ ಪಾಲು. ದೊಡ್ಡ ಡಾಕ್ಟ್ರ ಉತ್ತರ ಯಾವಾಗಲೂ ಒಂದೇ: "ಇವತ್ತು ಚೇಂಜ್, ನಾಳೆ ಕ್ಯಾನ್ಸರ್. ತೆಗೆದುಬಿಡುವ."

ಹಾಗೆ ತೆಗೆದುಬಿಟ್ಟದ್ದು ಶೀನಣ್ಣನ ಹೊಟ್ಟೆ. ಶೀನಣ್ಣ ನಮ್ಮ ಕ್ಯಾಂಟೀನಿನ ಅಡುಗೆಯವನು. ಅವನ ಗೋಳಿಬಜೆ ತಿನ್ನಲು ರೋಗ ಇಲ್ಲದವರೂ ಆಸ್ಪತ್ರೆಗೆ ಬರುತ್ತಿದ್ದರು. ಹುಳಿತೇಗು ಎಂದು ತೋರಿಸಲು ಬಂದ. ಹುಣ್ಣು ಇರಲಿಲ್ಲ, ಚೇಂಜ್ ಸಿಕ್ಕಿತು. ಲ್ಯಾಬಿನ ಅಮ್ಮ ಬೇಡ ಎಂದರು. ದೊಡ್ಡ ಡಾಕ್ಟ್ರು ಮುಕ್ಕಾಲು ಹೊಟ್ಟೆ ತೆಗೆದರು. ತೆಗೆದ ಹೊಟ್ಟೆಯನ್ನು ಲ್ಯಾಬಿನಲ್ಲಿ ಸೀಳಿ ಸೀಳಿ ನೋಡಿದರು. ಕ್ಯಾನ್ಸರ್ ಎಲ್ಲಿಯೂ ಇಲ್ಲ, ಅದೇ ಚೇಂಜ್ ಮಾತ್ರ. ದೊಡ್ಡ ಡಾಕ್ಟ್ರು ಮೀಟಿಂಗಿನಲ್ಲಿ ಎದೆ ಉಬ್ಬಿಸಿ ಹೇಳಿದರು: "ನೋಡಿ, ಬರುವ ಮೊದಲೇ ತೆಗೆದೆ!" ಕಳ್ಳ ನುಗ್ಗಬಹುದೆಂದು ಮನೆಯನ್ನೇ ಕೆಡವಿ, ಇನ್ನು ಕಳ್ಳತನದ ಭಯ ಇಲ್ಲ ಎಂದ ಹಾಗೆ. ಚಪ್ಪಾಳೆಯನ್ನೂ ತಟ್ಟಿದರು ಕೆಲವರು.

ಶೀನಣ್ಣ ಬದುಕಿದ. ಆದರೆ ಒಂದು ದೋಸೆ ತಿಂದರೆ ಬೆವರು ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಕ್ಕಿಮೂಟೆಯ ಮೇಲೆ ಮಲಗಬೇಕು. ಎದ್ದು ಬಂದು ಬೇರೆಯವರಿಗೆ ಬಡಿಸಬೇಕು. ಆಳು ಒಣಗಿ ಸೌಟಿನ ಹಿಡಿಯ ಹಾಗೆ ಆದ.

ಇದಾಗಿ ಒಂದೆರಡು ವರ್ಷಕ್ಕೆ ವಾಸು ಬಂದ. ಪಡೀಲಿನವನು, ಕೂಳೂರು ಕಡೆ ಹೋಗುವ ಸಿಟಿ ಬಸ್ಸಿನ ಕಂಡಕ್ಟರ್. ಮದುವೆಯಾಗಿ ಹೆಚ್ಚು ಸಮಯ ಆಗಿರಲಿಲ್ಲ. ಹೆಂಡತಿ ಲಲಿತ ಜೊತೆಗೆ ಬಂದಿದ್ದಳು. ಹೊಟ್ಟೆ ಉರಿ ಎಂದು ಸ್ಕೋಪು ಹಾಕಿದ್ದೂ ಆಯಿತು, ಚಿವುಟಿದ್ದೂ ಆಯಿತು. ರಿಪೋರ್ಟ್ ಬಂದ ದಿನ ದೊಡ್ಡ ಡಾಕ್ಟ್ರು ಇಬ್ಬರನ್ನೂ ಒಳಗೆ ಕರೆದರು. ನಾನು ಪೈಪು ಒರೆಸುತ್ತಾ ಅಲ್ಲೇ ಇದ್ದೆ.

"ವಾಸು, ಹುಣ್ಣು ಇಲ್ಲ. ಆದ್ರೆ ಇನ್ಸಿಡೆಂಟಲ್ ಆಗಿ ಒಂದು ಚೇಂಜ್ ಉಂಟು."

ವಾಸು ನೆಟ್ಟಗಾದ. "ಆಕ್ಸಿಡೆಂಟಾ? ನಮ್ಮ ಬಸ್ಸು ಈವರೆಗೆ ಒಂದು ಕೋಳಿಗೆ ಸಹ ತಾಗ್ಲಿಲ್ಲ ಡಾಕ್ಟ್ರೆ!"

"ಆಕ್ಸಿಡೆಂಟ್ ಅಲ್ಲ ಮಾರಾಯ. ಇನ್ಸಿಡೆಂಟಲ್. ಚೇಂಜ್ ಉಂಟು ಹೊಟ್ಟೆಯಲ್ಲಿ, ಚೇಂಜ್."

ವಾಸು ತಗ್ಗಿದ ಸ್ವರದಲ್ಲಿ ಹೇಳಿದ: "ನಾನು ಚಿಲ್ಲರೆ ಬಾಯಿಗೆ ಹಾಕುವ ಕ್ರಮ ಇಲ್ಲ ಡಾಕ್ಟ್ರೆ. ಬಸ್ಸು ರಶ್ ಇರುವಾಗ ಬೇರೆ ಕಂಡಕ್ಟರುಗಳು ಹಾಕ್ತಾರೆ, ನಾನು ಹಾಕುವುದಿಲ್ಲ."

"ಸುಳ್ಳು ಹೇಳ್ಬೇಡಿ" ಎಂದಳು ಲಲಿತ. "ಕಂಕನಾಡಿಯಲ್ಲಿ ನಾನೇ ನೋಡಿದ್ದೇನೆ. ಎಷ್ಟು ಸಲ ಹೇಳಿದ್ದೇನೆ, ನುಂಗ್ತೀರಿ ಒಂದು ದಿನ ಅಂತ."

ನಾನು ಪೈಪಿನ ಕಡೆ ಮುಖ ತಿರುಗಿಸಿದೆ. ನಗದೆ ನಿಲ್ಲುವುದು ಕಷ್ಟ ಎಂದು ಹೇಳಿದ್ದು ಇದಕ್ಕೇ. ದೊಡ್ಡ ಡಾಕ್ಟ್ರು ನಗಲಿಲ್ಲ. "ಬರುವ ಗುರುವಾರ ಆಪರೇಷನ್. ಮುಕ್ಕಾಲು ಹೊಟ್ಟೆ ತೆಗೆದುಬಿಡುವ. ಏನೂ ಹೆದರ್ಬೇಡ" ಎಂದು ಎದ್ದರು.

ಹೊರಗೆ ಬಂದ ಲಲಿತ ನನ್ನ ಕೈ ಹಿಡಿದಳು. "ಅಕ್ಕ, ಬಾಳೆಹಣ್ಣು ತಿನ್ಸಿದ್ರೆ ಬೀಳುವುದಿಲ್ವಾ? ಒಂದು ನಾಣ್ಯಕ್ಕೆ ಹೊಟ್ಟೆಯನ್ನೇ ಯಾಕೆ ತೆಗೆಯುವುದು?"

ನಾಣ್ಯ ಅಲ್ಲ ಎಂದು ಹೇಳಿದೆ. ಹಾಗಾದರೆ ಎಂತ ಎಂದು ಕೇಳಿದಳು. ಅದು ನನ್ನ ಬಾಯಿಗೆ ಬರುವ ವಿಷಯವಲ್ಲ. ಹಗ್ಗದ ತುಂಡು, ಪಾತಾಳಗರಡಿ ಎಂದೆಲ್ಲ ಹೇಳಲು ಹೋಗಿ, ಅವಳ ಲೆಕ್ಕಕ್ಕೆ ಗಂಡನ ಹೊಟ್ಟೆಯಲ್ಲಿ ನಾಣ್ಯದ ಜೊತೆ ಹಗ್ಗವೂ ಇದೆ ಎಂದಾಯಿತು. ಸಾಕೆಂದು ಇಬ್ಬರನ್ನೂ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಶೀನಣ್ಣನ ಎದುರು ಕೂರಿಸಿದೆ.

ಶೀನಣ್ಣ ಕಾವಲಿಯ ಹತ್ತಿರದಿಂದ ತಿರುಗಿ ವಾಸುವನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಬಸ್ಸಿನಲ್ಲಿ ಮಲಗ್ಲಿಕ್ಕೆ ಜಾಗ ಉಂಟಾ ಮಾರಾಯ?"

"ಕಂಡಕ್ಟರಿಗೆ ಕೂತುಕೊಳ್ಳಲಿಕ್ಕೇ ಜಾಗ ಇಲ್ಲ ಅಣ್ಣ. ಎಂತಕ್ಕೆ?"

"ಊಟ ಆದ ಮೇಲೆ ಮಲಗ್ಬೇಕು. ಇಲ್ಲದಿದ್ರೆ ಬೀಳ್ತಿ. ನನಗೆ ಅಕ್ಕಿಮೂಟೆ ಉಂಟು. ನಿನಗೆ ಫುಟ್‌ಬೋರ್ಡಿನಿಂದ ಕೆಳಗೆ ರಸ್ತೆ ಉಂಟು."

ಲಲಿತ ಅಳಲಿಲ್ಲ. ಗಟ್ಟಿ ಹೆಣ್ಣು. ಅಲ್ಲಿಂದಲೇ ಊರ ದೈವಕ್ಕೆ ಒಂದು ಕೋಳಿ ಹರಕೆ ಹೇಳಿದಳು. ವಾಸು ಗೋಳಿಬಜೆಯ ತಟ್ಟೆಯನ್ನು ದೂರ ಸರಿಸಿದ. ಬಸ್ಸಿನ ಧಣಿ, ಓಡಲು ಆಗದ ಕಂಡಕ್ಟರನ್ನು ಒಂದು ದಿನವೂ ಇಟ್ಟುಕೊಳ್ಳುವವನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅದೇ ವಾರ ಬೊಂಬಾಯಿಯಿಂದ ಕಂಪನಿಯ ಏಜೆಂಟ್ ಒಬ್ಬ ಹೊಸ ಸ್ಕೋಪು ಹಿಡಿದುಕೊಂಡು ಬಂದ. ಸಪೂರ ಪೈಪು, ನುಂಗಲು ಸುಲಭ, ಚಿವುಟುವ ಇಕ್ಕುಳ ಹೊಸ ನಮೂನೆಯದ್ದು ಎಂದು ಕೊರೆದ. ರೂಮಿನ ತುಂಬ ಡಾಕ್ಟರುಗಳು. ತೋರಿಸಲು ಒಬ್ಬ ರೋಗಿ ಬೇಕು. "ಆ ಕಂಡಕ್ಟರನ್ನು ತನ್ನಿ. ಆಪರೇಷನಿನ ಮೊದಲು ಇನ್ನೊಮ್ಮೆ ನೋಡಿದ ಹಾಗೂ ಆಯ್ತು" ಎಂದರು ದೊಡ್ಡ ಡಾಕ್ಟ್ರು.

ವಾಸುವನ್ನು ಮಲಗಿಸಿದೆ. ಪೈಪು ಹತ್ತಿರ ಬಂದ ಕೂಡಲೇ ಎದ್ದು ಕುಳಿತ. ಹಲ್ಲು ಕಚ್ಚಿದ.

"ಬಾಯಿ ತೆರೆಯೋ" ಎಂದರು ಡಾಕ್ಟ್ರು. "ಇದು ಹೊಸತು. ಗೊತ್ತೇ ಆಗುವುದಿಲ್ಲ."

"ಮೊದಲಿನದ್ದಕ್ಕೂ ಹಾಗೇ ಹೇಳಿದ್ರಿ. ಮೂರು ದಿನ ಉಗುಳು ನುಂಗ್ಲಿಕ್ಕೆ ಆಗ್ಲಿಲ್ಲ."

"ಇದು ಅಕ್ಕಿ ಸೆಮಿಗೆಯ ಎಳೆ ನುಂಗಿದ ಹಾಗೆ ಮಾರಾಯ!"

"ಹಾಗಾದ್ರೆ ನೀವು ಮೊದಲು ನುಂಗಿ ತೋರ್ಸಿ" ಎಂದ ವಾಸು.

ಏಜೆಂಟ್ ಹಲ್ಲುಕಿರಿದ. ಹತ್ತಾರು ಡಾಕ್ಟರುಗಳ ಎದುರು ದೊಡ್ಡ ಡಾಕ್ಟ್ರಿಗೆ ಬೇರೆ ದಾರಿ ಇರಲಿಲ್ಲ. ಕೋಟು ತೆಗೆದು ನನ್ನ ಕೈಗೆ ಕೊಟ್ಟು ಮಲಗಿದರು. "ಗಂಜಿ ಕುಡಿದಾಯ್ತಾ?" ಎಂದು ಅಭ್ಯಾಸದಿಂದ ಕೇಳಿದೆ. "ಶಟಪ್ ಗುಲಾಬಿ" ಎಂದರು. ಕುಡಿದಿರಲಿಲ್ಲ ಎಂದು ಅರ್ಥ ಮಾಡಿಕೊಂಡೆ.

ಪೈಪು ಹಾಕಿದ್ದು ಸಣ್ಣ ಡಾಕ್ಟ್ರು, ಅವರ ಕೈಕೆಳಗಿನ ಹುಡುಗ. ನಾನು ತಲೆ ಹಿಡಿದೆ, ಬಿಗಿಯಾಗಿಯೇ ಹಿಡಿದೆ. ಸೆಮಿಗೆ ಎಂದವರು ಕಣ್ಣೀರು, ಜೊಲ್ಲು, ತುಳು, ಇಂಗ್ಲಿಷು ಎಲ್ಲವನ್ನೂ ಒಟ್ಟಿಗೆ ಸುರಿಸಿದರು. ಏಜೆಂಟ್ ತನ್ನ ಹೊಸ ಇಕ್ಕುಳ ತೋರಿಸಬೇಕೆಂದು ಹೇಳಿ ಒಂದು ಚೂರು ಚಿವುಟಿಸಿದ. ಎದ್ದು ಬಾಯಿ ಒರೆಸಿಕೊಂಡ ದೊಡ್ಡ ಡಾಕ್ಟ್ರು ಹೇಳಿದ್ದು: "ನನ್ನದನ್ನೂ ಲ್ಯಾಬಿಗೆ ಕಳಿಸಿ. ಒಳ್ಳೆಯ ಹೊಟ್ಟೆ ಹೇಗಿರ್ತದೆ ಅಂತ ಅವರು ಸಹ ಒಮ್ಮೆ ನೋಡ್ಲಿ."

ಆಮೇಲೆ ವಾಸು ಮಾತಾಡದೆ ಮಲಗಿ ನುಂಗಿದ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಮೊದಲು ಮಲಗಿದ್ದು ದೊಡ್ಡ ಡಾಕ್ಟ್ರು, ಅವರದ್ದು ಒಂದನೇ ಬಾಟ್ಲಿ. ಆಮೇಲೆ ಮಲಗಿದ್ದು ವಾಸು, ಅವನದ್ದು ಎರಡನೇ ಬಾಟ್ಲಿ. ಏಜೆಂಟ್ ಅವಸರ ಮಾಡಿದ್ದರಿಂದ ಹೆಸರು ಬರೆಯಲಿಲ್ಲ, ಒಂದು, ಎರಡು ಎಂದು ಪಟ್ಟಿ ಅಂಟಿಸಿ ಮೇಲೆ ಕೊಟ್ಟೆ.

ಮುಂದಿನ ಬುಧವಾರ ಮೀಟಿಂಗು. ಮರುದಿನ ವಾಸುವಿನ ಆಪರೇಷನ್. ನಾನು ಲೈಟು ಆರಿಸಿದೆ. ಲ್ಯಾಬಿನ ಅಮ್ಮ ಗೋಡೆಗೆ ಎರಡು ಚಿತ್ರ ಬಿಟ್ಟರು. ಕೆಂಪು, ನೇರಳೆ ಬಣ್ಣದ ರಂಗೋಲಿಯ ಹಾಗೆ ಇತ್ತು. ನನ್ನ ಮಟ್ಟಿಗೆ ಎರಡೂ ಒಂದೇ.

"ಎರಡು ಬಾಟ್ಲಿಯಲ್ಲೂ ಚೇಂಜ್ ಉಂಟು" ಎಂದರು ಅಮ್ಮ. ಆ ದಿನ ಯಾಕೋ ಕನ್ನಡದಲ್ಲೇ ಹೇಳಿದರು. "ಒಂದರಲ್ಲಿ ಸ್ವಲ್ಪ. ಇನ್ನೊಂದರಲ್ಲಿ ಒಳ್ಳೆ ಜಾಸ್ತಿ."

ದೊಡ್ಡ ಡಾಕ್ಟ್ರು ಕುರ್ಚಿಯಲ್ಲಿ ಅಲುಗಾಡಿದರು. ಸ್ವಲ್ಪ ಎನ್ನುವುದನ್ನು ತಮಗಿಟ್ಟುಕೊಂಡರು ಎಂದು ಕಾಣುತ್ತದೆ. "ಸ್ವಲ್ಪ ಇರುವುದು ಬಿಡಿ, ಅದೆಲ್ಲ ಸಾಮಾನ್ಯ. ಜಾಸ್ತಿ ಇರುವುದನ್ನು ನಾಳೆಯೇ ತೆಗೆದುಬಿಡುವ. ನಾನು ಹೇಳ್ಲಿಲ್ವಾ?"

"ಖಂಡಿತ ತೆಗೆಯುವುದಾ ಡಾಕ್ಟ್ರೆ?"

"ಖಂಡಿತ! ಮುಕ್ಕಾಲು."

"ಜಾಸ್ತಿ ಇರುವುದು ಒಂದನೇ ಬಾಟ್ಲಿಯಲ್ಲಿ" ಎಂದರು ಅಮ್ಮ. "ಒಂದನೆಯದ್ದು ಯಾರದ್ದಂತ ನನಗೆ ಗೊತ್ತಿಲ್ಲ. ಹೆಸರು ಬರೀಲಿಲ್ಲ ಕೆಳಗಿನವರು."

ಒಂದನೆಯದ್ದು ಯಾರದ್ದೆಂದು ಅಮ್ಮ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತೆಂದು ನನ್ನ ಅನುಮಾನ. ಕೊನೆಗೆ ಸಣ್ಣ ಡಾಕ್ಟ್ರು ಕೆಮ್ಮಿ, "ಸರ್... ಅದು... ಫಸ್ಟ್ ನೀವೇ ಅಲ್ವಾ ಮಲಗಿದ್ದು?" ಎಂದ. ಯಾರೂ ಹೇಳದಿದ್ದರೂ ನಾನು ಲೈಟು ಹಾಕಿದೆ. ಆ ಮುಖವನ್ನು ಕತ್ತಲೆಯಲ್ಲಿ ಬಿಡುವುದು ಸರಿ ಕಾಣಲಿಲ್ಲ.

ದೊಡ್ಡ ಡಾಕ್ಟ್ರು ಎದ್ದು ಗೋಡೆಯ ಹತ್ತಿರ ಹೋದರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಇಷ್ಟು ವರ್ಷದಲ್ಲಿ ಅವರು ಆ ಚಿತ್ರವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಇದು... ಹೆಚ್ಚಿನವರಿಗೆ ಹೀಗೇ ಇರ್ತದಲ್ವಾ?" ಎಂದು ಕೇಳಿದರು. ಸ್ವರ ಬೇರೆಯೇ ಆಗಿತ್ತು. ವರಾಂಡದಲ್ಲಿ ಕಾಯುವವರ ಸ್ವರ.

"ನಾನು ಅದನ್ನೇ ಹೇಳ್ತಾ ಬಂದದ್ದು" ಎಂದರು ಅಮ್ಮ. "ಹೆದರುವಂಥದ್ದು ಈಗ ಏನಿಲ್ಲ. ಏನಿಲ್ಲ ಅಂತ ಮರೆತುಬಿಡುವುದೂ ಅಲ್ಲ. ಆಗಾಗ ಸ್ಕೋಪ್ ಹಾಕಿ ನೋಡುವ. ಅಲ್ಲ, ತೆಗೆದುಬಿಡುವುದಾದ್ರೆ ನಾಳೆ ಥಿಯೇಟರ್ ಹೇಗೂ ಬುಕ್ ಉಂಟು."

"ಬೇಡ, ಬೇಡ. ಅಬ್ಸರ್ವ್ ಮಾಡುವ."

"ಕಂಡಕ್ಟರನ್ನು ಸರ್?" ಎಂದ ಸಣ್ಣ ಡಾಕ್ಟ್ರು.

"ಅವನನ್ನೂ ಅಬ್ಸರ್ವ್ ಮಾಡುವ" ಎಂದು ಚಾ ಮುಟ್ಟದೆ ಹೋದರು. ಆ ಚಾ ನಾನು ಕುಡಿದೆ.

ಆ ದಿನದಿಂದ ನಮ್ಮ ಆಸ್ಪತ್ರೆಯಲ್ಲಿ "ತೆಗೆದುಬಿಡುವ" ಹೋಗಿ "ಅಬ್ಸರ್ವ್ ಮಾಡುವ" ಬಂತು. ಚೇಂಜಿಗೆ ಹೊಟ್ಟೆ ಕೊಯ್ಯುವುದು ನಿಂತೇಹೋಯಿತು. ಮುಂದೆ ಸಣ್ಣ ಡಾಕ್ಟ್ರುಗಳಿಗೆ ಪಾಠ ಹೇಳುವಾಗ ದೊಡ್ಡ ಡಾಕ್ಟ್ರು, "ಆಗ ನಮಗೆ ಅಷ್ಟೇ ಜ್ಞಾನ ಇದ್ದದ್ದು" ಎನ್ನುತ್ತಿದ್ದರು. ಜ್ಞಾನ ಮೊದಲೂ ಇತ್ತು, ಮೇಲಿನ ಮಾಳಿಗೆಯಲ್ಲಿ, ದಪ್ಪ ಕನ್ನಡಕ ಹಾಕಿಕೊಂಡು ಕೂತಿತ್ತು. ಅದನ್ನು ಕೇಳಿಸಿಕೊಳ್ಳಲು ಇವರು ತಮ್ಮ ಹೊಟ್ಟೆಯ ಚೂರು ಕಳಿಸಬೇಕಾಯಿತು. ಎಂಬತ್ತರ ದಶಕ ಮುಗಿಯುವಾಗ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಉಂಟು, ಹುಣ್ಣಿಗೂ ಚೇಂಜಿಗೂ ಅದು ಕಾರಣ ಎಂದು ಹೇಳಲು ಶುರು ಮಾಡಿದರು. ಅಷ್ಟು ವರ್ಷ ನಮ್ಮ ಮೆಣಸಿಗೂ ಒಣಮೀನಿಗೂ ಬೈದದ್ದನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ.

ವಾಸು ಆಗಾಗ ಬಂದು ಪೈಪು ನುಂಗಿ ಹೋಗುತ್ತಿದ್ದ. ಚೇಂಜ್ ಇದ್ದ ಹಾಗೆಯೇ ಇತ್ತು. ದೊಡ್ಡ ಡಾಕ್ಟ್ರೂ ನುಂಗುತ್ತಿದ್ದರು, ಬಾಗಿಲು ಹಾಕಿಸಿ. ಇಬ್ಬರ ತಲೆಯನ್ನೂ ನಾನೇ ಹಿಡಿದದ್ದು. ಪೈಪು ಗಂಟಲಿಗೆ ಹೋದ ಮೇಲೆ ಡಾಕ್ಟ್ರಿಗೂ ಕಂಡಕ್ಟರಿಗೂ ಕಣ್ಣು ಒಂದೇ ನಮೂನೆ. ನೀವೂ ಹಿಡಿಯುವಾಗ ನೋಡಿ.

ಮೀಟಿಂಗು ಮುಗಿದ ಆ ಬುಧವಾರ ಮಧ್ಯಾಹ್ನ ವಾಸು, ಲಲಿತ ಇಬ್ಬರನ್ನೂ ಕರೆದು ಆಪರೇಷನ್ ಇಲ್ಲ, ಮನೆಗೆ ಹೋಗಿ ಎಂದಾಗ ಲಲಿತ ಕೇಳಿದ್ದು, "ಹಾಗಾದ್ರೆ ಕೋಳಿ ಕೊಡ್ಬೇಕಾ ಬೇಡ್ವಾ?" "ಕೊಟ್ಟುಬಿಡಿ, ದೈವಕ್ಕೆ ಅಬ್ಸರ್ವ್ ಮಾಡ್ಲಿಕ್ಕೆ ಹೇಳುವುದು ಬೇಡ" ಎಂದೆ. ಮೂವರೂ ಕ್ಯಾಂಟೀನಿಗೆ ಹೋದೆವು. ವಾಸು ಗೋಳಿಬಜೆ ಒಂದು ತಟ್ಟೆ ಮುಗಿಸಿ ಇನ್ನೊಂದು ಹೇಳಿದ. ವಾಸು ದೊಡ್ಡ ಡಾಕ್ಟ್ರಿಗೆ ಮೊದಲು ಪೈಪು ನುಂಗಿಸಿದ್ದನ್ನೂ, ಮೀಟಿಂಗಿನಲ್ಲಿ ಲೈಟು ಆರಿಸಿದಲ್ಲಿಂದ ಹಾಕಿದಲ್ಲಿಯವರೆಗಿನ ಕಥೆಯನ್ನೂ ನಾನು ಶೀನಣ್ಣನಿಗೆ ಹೇಳಿದೆ. ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ನಕ್ಕು ನಕ್ಕು ಬೆವರು ಬಂತು. ಜಾಲರಿ ಸೌಟನ್ನು ಬದಿಗಿಟ್ಟು ಅಕ್ಕಿಮೂಟೆಯ ಮೇಲೆ ಒರಗಿದ.

"ಅಲ್ಲ ಗುಲಾಬಿ" ಎಂದ, ಮೇಲಿನ ಹಂಚಿನ ಮಾಡು ನೋಡುತ್ತಾ. "ಆ ಪೈಪನ್ನು ಮೊದಲು ನೀವೇ ನುಂಗಿ ಅಂತ ಹೇಳ್ಬೇಕು ಅಂತ ನನಗೆ ಯಾಕೆ ಹೊಳೀಲಿಲ್ಲ?"